ಚಾಲಕನಿಲ್ಲದ ಬಾಡಿಗೆ ಯಂತ್ರ: ಸಂಶೋಧಕರು ಕ್ಲೌಡ್ ಗಣಕವನ್ನು ತಾವೇ ನಡೆಸಿಕೊಳ್ಳುವ ಬಗೆ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಕಾಳು ಬಿಡಿಸುವ ಯಂತ್ರವನ್ನು ಸಣ್ಣ ರೈತರು ಸಾಮಾನ್ಯವಾಗಿ ಕೊಂಡುಕೊಳ್ಳುವುದಿಲ್ಲ. ಬಾಡಿಗೆಗೆ ಕರೆಸುತ್ತಾರೆ, ರಾಶಿ ಮುಗಿಯುವವರೆಗೆ ಓಡಿಸುತ್ತಾರೆ, ಲೆಕ್ಕ ಚುಕ್ತಾ ಮಾಡಿ ಕಳುಹಿಸುತ್ತಾರೆ. ದೂರದ ಕಂಪನಿಯ ಗಣಕವನ್ನು ಅಂತರ್ಜಾಲದ ಮೂಲಕ ಬಳಸುವ ಕ್ಲೌಡ್ ಗಣಕವೂ ಇದೇ ಬಗೆಯ ಬಾಡಿಗೆ ವ್ಯವಹಾರ. ಆದರೆ ಕಾಳು ಬಿಡಿಸುವ ಯಂತ್ರದ ಜೊತೆಗೆ ಅದನ್ನು ಬಲ್ಲ ಚಾಲಕನೊಬ್ಬ ಬರುತ್ತಾನೆ, ಇಲ್ಲಿ ಯಾರೂ ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಕ್ಲೌಡ್‌ಗೆ ಕೊಟ್ಟ ವ್ಯಾಖ್ಯೆಯಲ್ಲಿ ಐದು ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಮೊದಲನೆಯದೇ, ಬಳಕೆದಾರರು ಒದಗಿಸುವವರ ಸಿಬ್ಬಂದಿಯ ಜೊತೆ ಮಾತಿಲ್ಲದೆ ತಮಗೆ ಬೇಕಾದಷ್ಟು ಗಣಕ ಸಾಮರ್ಥ್ಯವನ್ನು ಬೇಕಾದಾಗ ತಾವೇ ಪಡೆದುಕೊಳ್ಳುವುದು. ಯಂತ್ರವನ್ನು ಚಾಲೂ ಮಾಡುವವರು, ಅದಕ್ಕೆ ಬೀಗ ಹಾಕುವವರು, ಕೆಲಸ ಮುಗಿದ ಮೇಲೆ ನಿಲ್ಲಿಸುವವರು ಎಲ್ಲರೂ ನೀವೇ ಎಂಬುದು ಇದರ ಅರ್ಥ. ದಾವಣಗೆರೆಯ ಒಂದು ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವಾಗುತ್ತಾ ಬಂದ ನಾನು ಕಂಡಂತೆ, ಚಾಲೂ ಮಾಡುವ ಭಾಗ ಹತ್ತು ನಿಮಿಷದ ಕೆಲಸ. ಉಳಿದೆರಡರಲ್ಲಿಯೇ ಎಲ್ಲರೂ ಎಡವುತ್ತಾರೆ. ಆದ್ದರಿಂದ ಈ ಬರಹದಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಂತ್ರ ಬೇಕೇ ಎಂಬುದು ಮೊದಲ ಪ್ರಶ್ನೆ

ನಮ್ಮಲ್ಲಿಗೆ ಬರುವ ಬೇಡಿಕೆಗಳಲ್ಲಿ ಹಲವಕ್ಕೆ ಬಾಡಿಗೆ ಯಂತ್ರದ ಅಗತ್ಯವೇ ಇರುವುದಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದ ನೀರಿನ ಹರವು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ನೋಡಬಯಸುವ ಭೂಗೋಳ ವಿದ್ಯಾರ್ಥಿಯನ್ನು ನೆನೆಯೋಣ. ಸೆಂಟಿನೆಲ್-2 ಉಪಗ್ರಹಗಳ ಜೋಡಿ 2017ರಿಂದ ಸುಮಾರು ಐದು ದಿನಕ್ಕೊಮ್ಮೆ, 10 ಮೀಟರ್ ಸೂಕ್ಷ್ಮತೆಯಲ್ಲಿ, ಒಂದೇ ಜಾಗದ ಚಿತ್ರ ತೆಗೆಯುತ್ತಾ ಬಂದಿದೆ. ಈ ಚಿತ್ರಗಳನ್ನೆಲ್ಲ ಇಳಿಸಿಕೊಂಡು ಬಾಡಿಗೆ ಯಂತ್ರಕ್ಕೆ ಏರಿಸುವುದು ವ್ಯರ್ಥ ಶ್ರಮ. ಉಪಗ್ರಹ ಚಿತ್ರಗಳ ಆನ್‌ಲೈನ್ ವೇದಿಕೆಯಾದ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಅವು ಆಗಲೇ ಇವೆ. ವಾಣಿಜ್ಯೇತರ ಸಂಶೋಧನೆಗೆ ಯೋಜನೆಯೊಂದನ್ನು ನೋಂದಾಯಿಸಿಕೊಂಡರೆ ಶುಲ್ಕವಿಲ್ಲದೆ ಬಳಸಬಹುದು. ಹಸಿರು ಮತ್ತು ಸಮೀಪ ಅವಗೆಂಪು ಪಟ್ಟಿಗಳಿಂದ ನೀರಿನ ಸೂಚ್ಯಂಕವನ್ನು ಲೆಕ್ಕ ಹಾಕುವ ಹತ್ತಿಪ್ಪತ್ತು ಸಾಲಿನ ಆದೇಶವನ್ನು (ಕೋಡ್) ಕಳುಹಿಸಿದರೆ, ಚಿತ್ರಗಳು ಇರುವಲ್ಲಿಯೇ ಲೆಕ್ಕ ನಡೆದು ಕೊನೆಯ ಕೋಷ್ಟಕ ಮಾತ್ರ ನಮಗೆ ಬರುತ್ತದೆ. 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಹೀಗೆಯೇ ಅಭ್ಯಾಸಕ್ಕೆ ತೆಗೆದುಕೊಳ್ಳಿ ಎಂದು ನಾನು ಹೊಸಬರಿಗೆ ಹೇಳುವುದುಂಟು, ಏಕೆಂದರೆ ಆ ವರ್ಷದ ಹಿಂದಿನ ಮತ್ತು ಮುಂದಿನ ಚಿತ್ರಗಳ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ ಮತ್ತು ಲೆಕ್ಕ ತಪ್ಪಿದರೆ ತಕ್ಷಣ ತಿಳಿಯುತ್ತದೆ.

ಜೀವಶಾಸ್ತ್ರದವರಿಗೆ ಗ್ಯಾಲಕ್ಸಿ ಎಂಬ ಮುಕ್ತ ವೇದಿಕೆ ಇದೆ. ಬ್ಯಾಕ್ಟೀರಿಯಾದ ಜೀನೋಮ್ ಜೋಡಣೆಯಂಥ ಕೆಲಸಗಳನ್ನು ಆದೇಶ ಬರೆಯದೆ, ಬ್ರೌಸರ್‌ನಲ್ಲಿ ಗುಂಡಿ ಒತ್ತಿಯೇ ಮಾಡಿಸಬಹುದು. ಅದರ ಯೂರೋಪಿನ ಸರ್ವರ್ ನೋಂದಾಯಿತ ಬಳಕೆದಾರರಿಗೆ 250 ಜಿಬಿ ಜಾಗ ಕೊಡುತ್ತದೆ. ಚಿತ್ರ ಗುರುತಿಸುವ ಮಾದರಿಗಳನ್ನು ಕಲಿಸುವವರಿಗೆ ಕ್ಯಾಗಲ್ ಎಂಬ ತಾಣದಲ್ಲಿ ವಾರಕ್ಕೆ ಸುಮಾರು 30 ಗಂಟೆಯ ಜಿಪಿಯು (ಇಂಥ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್), ಗೂಗಲ್ ಕೊಲ್ಯಾಬ್‌ನಲ್ಲಿ ಹೆಚ್ಚೆಂದರೆ 12 ಗಂಟೆಯ ಬೈಠಕ್ (ಸೆಷನ್) ಉಚಿತವಾಗಿ ಸಿಗುತ್ತವೆ. 2018ರಲ್ಲಿ ನೆರೆಯ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲಾಗಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಹಾನಿಯನ್ನು ಮೆಕ್ಕೆಜೋಳದ ಎಲೆಯ ಫೋಟೊಗಳಿಂದ ಗುರುತಿಸುವ ಪ್ರಯೋಗವಾದರೆ, ಮೊದಲ ಸುತ್ತು ಇಷ್ಟರಲ್ಲೇ ಮುಗಿಯುತ್ತದೆ. ಕೆಲಸ ಈ ಮಿತಿಗಳನ್ನು ಮೀರಿದಾಗ, ಅಥವಾ ಬೈಠಕ್ ನಡುವೆ ಕಡಿದುಹೋಗಿ ಪದೇ ಪದೇ ಮೊದಲಿನಿಂದ ಆರಂಭಿಸಬೇಕಾಗಿ ಬಂದಾಗ ಮಾತ್ರ ಸ್ವಂತ ವರ್ಚುವಲ್ ಯಂತ್ರದ, ಅಂದರೆ ಕ್ಲೌಡ್ ಕಂಪನಿಯ ದೊಡ್ಡ ಗಣಕದಲ್ಲಿ ನಮಗೆಂದೇ ಬಿಟ್ಟುಕೊಡುವ ಒಂದು ಪಾಲಿನ, ಯೋಚನೆ ಮಾಡಿ.

ಸೂಪರ್ ಕಂಪ್ಯೂಟರ್ ಬೇರೆಯೇ ದಾರಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ (ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂಬ ಅಳತೆ) ಸಾಮರ್ಥ್ಯದ ಪರಮ್ ಪ್ರವೇಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಸಂಸ್ಥೆಯ ಎರಡನೆಯ ಆವರಣ ನಮ್ಮ ಚಳ್ಳಕೆರೆ ಬಳಿಯ ಕುದಾಪುರದಲ್ಲಿದ್ದರೂ ಈ ಯಂತ್ರ ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಕೆಲಸವನ್ನು ಸರದಿಗೆ ಸೇರಿಸಿ ಕಾಯಬೇಕು. ನೂರಾರು ಕೋರ್‌ಗಳು (ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಘಟಕಗಳು) ಒಟ್ಟಿಗೆ ಮಾತಾಡಿಕೊಳ್ಳುವ ಹವಾಮಾನ ಮಾದರಿ, ಅಣುಚಲನೆಯ ಲೆಕ್ಕಗಳಿಗೆ ಅದೇ ಸರಿ. ಅಂಥ ಕೆಲಸವನ್ನು ಬಾಡಿಗೆ ಕ್ಲೌಡ್‌ನಲ್ಲಿ ಮಾಡಹೊರಟರೆ ಅನುದಾನ ಕರಗುವುದು ಬೇಗ.

ಗಾತ್ರ, ಊರು ಮತ್ತು ತಂತಿ

ಯಂತ್ರದ ಗಾತ್ರ ಆರಿಸುವಾಗ ಜನ ಕೋರ್‌ಗಳನ್ನು ಎಣಿಸುತ್ತಾರೆ, ಮೆಮೊರಿಯನ್ನು ಮರೆಯುತ್ತಾರೆ. ಪೈಥಾನ್ ಮತ್ತು ಆರ್ ಭಾಷೆಗಳಲ್ಲಿ ಸಾಮಾನ್ಯವಾಗಿ ಬರೆಯುವ ಕಾರ್ಯಕ್ರಮಗಳು, ನಾವು ಬೇರೆ ರೀತಿ ಹೇಳದ ಹೊರತು, ಬಹುಪಾಲು ಒಂದೇ ಕೋರ್ ಮೇಲೆ ಓಡುತ್ತವೆ. ಹದಿನಾರು ಕೋರ್ ತೆಗೆದುಕೊಂಡರೆ ಹದಿನೈದು ಸುಮ್ಮನೆ ಕುಳಿತು ಬಾಡಿಗೆ ತಿನ್ನುತ್ತವೆ. ಮೆಮೊರಿಯ ಕಥೆ ಬೇರೆ: ದೊಡ್ಡ ಕೋಷ್ಟಕವೊಂದನ್ನು ಓದಿಸಿದಾಗ ಅದು ಕಡತದ ಗಾತ್ರಕ್ಕಿಂತ ಹಲವು ಪಟ್ಟು ಹಿಗ್ಗಬಹುದು, ಸಾಲದೆ ಬಂದರೆ ಕಾರ್ಯಕ್ರಮ ಮುನ್ಸೂಚನೆಯಿಲ್ಲದೆ ಸಾಯುತ್ತದೆ. ಮಾಹಿತಿಯ ಹತ್ತರಲ್ಲಿ ಒಂದು ಭಾಗವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ, ಅದು ಎಷ್ಟು ಮೆಮೊರಿ ಮತ್ತು ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರೆದಿಟ್ಟುಕೊಳ್ಳಿ. ಆ ಒಂದು ಚೀಟಿ, ಮಾರಾಟಗಾರರ ಪಟ್ಟಿಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಯಂತ್ರ ಯಾವ ಊರಿನಲ್ಲಿರಬೇಕು ಎಂಬುದನ್ನೂ ನೀವೇ ಆರಿಸಬೇಕು. ಕ್ಲೌಡ್ ಬಾಡಿಗೆಗೆ ಕೊಡುವ ಕಂಪನಿಗಳಲ್ಲಿ ಅಮೆಜಾನ್‌ಗೆ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲಿ ಕೇಂದ್ರಗಳಿವೆ. ಗೂಗಲ್‌ಗೆ ಮುಂಬೈ ಮತ್ತು ದೆಹಲಿ, ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ ಮತ್ತು ಮುಂಬೈ. ಪುಟ ತೆರೆದಾಗ ಮೊದಲೇ ಆಯ್ಕೆಯಾಗಿರುವ ಕೇಂದ್ರ ಅನೇಕ ವೇಳೆ ಅಮೆರಿಕದ್ದಾಗಿರುತ್ತದೆ. ಅದನ್ನು ಗಮನಿಸದೆ ಯಂತ್ರ ಚಾಲೂ ಮಾಡಿ, ನಂತರ ಮುಂಬೈ ಪುಟದಲ್ಲಿ ಅದನ್ನು ಹುಡುಕಿ, ಕಾಣದೆ ಹೋದಾಗ ಇನ್ನೊಂದು ಚಾಲೂ ಮಾಡಿದವರಿದ್ದಾರೆ. ಎರಡಕ್ಕೂ ಬಾಡಿಗೆ ಏರುತ್ತಿರುತ್ತದೆ.

ಇನ್ನು ತಂತಿ, ಅಂದರೆ ಅಂತರ್ಜಾಲ ಸಂಪರ್ಕ. 100 ಜಿಬಿ ಮಾಹಿತಿಯನ್ನು ಸೆಕೆಂಡಿಗೆ 20 ಮೆಗಾಬಿಟ್ ಏರಿಕೆ ವೇಗದ ಸಂಪರ್ಕದಿಂದ ಕಳುಹಿಸಲು, ಒಮ್ಮೆಯೂ ಕಡಿಯದಿದ್ದರೆ, ಹನ್ನೊಂದು ಗಂಟೆ ಬೇಕು. ಒಮ್ಮೆಯೂ ಕಡಿಯದಿರುವುದು ಎಂಬುದನ್ನು ನಮ್ಮ ಊರಿನವರು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಬಾರದು. ಆದುದರಿಂದ ಆಗಲೇ ತಲುಪಿದ ಕಡತಗಳನ್ನು ಬಿಟ್ಟು ಮುಂದುವರಿಸಬಲ್ಲ ಆರ್‌ಸಿಂಕ್ ಅಥವಾ ಆರ್‌ಕ್ಲೋನ್ ತಂತ್ರಾಂಶದಿಂದ ಕಳುಹಿಸಿ. ಎಳೆದು ಬಿಡುವ ಬ್ರೌಸರ್ ಕಿಟಕಿಯನ್ನು ದೊಡ್ಡ ಕಡತಗಳಿಗೆ ಬಳಸಬೇಡಿ. ಅಂತರ್ಜಾಲದಲ್ಲೇ ಇರುವ ಸಾರ್ವಜನಿಕ ಮಾಹಿತಿಯಾದರೆ ಅದನ್ನು ಬಾಡಿಗೆ ಯಂತ್ರಕ್ಕೆ ನೇರವಾಗಿ ಇಳಿಸಿಕೊಳ್ಳಿ. ಮನೆಗೆ ತಂದು ಮತ್ತೆ ಏರಿಸುವವರನ್ನು ನೋಡಿದಾಗ, ಹರಿಹರದ ತುಂಗಭದ್ರೆಯ ನೀರನ್ನು ಕೊಡದಲ್ಲಿ ಮನೆಗೆ ತಂದು ಮತ್ತೆ ಹೊಳೆದಂಡೆಯ ತೋಟಕ್ಕೆ ಹೊತ್ತಂತೆ ಕಾಣುತ್ತದೆ.

ಬೀಗ ಹಾಕುವುದು

ಖಾತೆ ತೆರೆದ ದಿನವೇ ಮುಖ್ಯ ಖಾತೆಗೆ ಎರಡು ಹಂತದ ದೃಢೀಕರಣ ಹಾಕಿ, ದಿನನಿತ್ಯದ ಕೆಲಸಕ್ಕೆ ಕಡಿಮೆ ಅಧಿಕಾರದ ಇನ್ನೊಂದು ಬಳಕೆದಾರ ಹೆಸರನ್ನು ಮಾಡಿಕೊಳ್ಳಿ. ನಂತರ ಯಂತ್ರದ ಕಾರ್ಯಾಚರಣ ವ್ಯವಸ್ಥೆಯಾಗಿ ಉಬುಂಟು ಲಿನಕ್ಸ್‌ನ ದೀರ್ಘಾವಧಿ ಆವೃತ್ತಿಯೊಂದನ್ನು ಆರಿಸಿ. ಪ್ರವೇಶಕ್ಕೆ ಪಾಸ್‌ವರ್ಡ್ ಬೇಡ, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಸಂಪರ್ಕಿಸುವ ವಿಧಾನ) ಕೀಲಿ ಜೋಡಿ ಬಳಸಿ. ಜೋಡಿಯಲ್ಲಿ ಸಾರ್ವಜನಿಕ ಕೀಲಿ ಯಂತ್ರಕ್ಕೆ ಹೋಗುತ್ತದೆ, ಖಾಸಗಿ ಕೀಲಿ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಕದಲಬಾರದು. ವಾಟ್ಸಾಪ್‌ನಲ್ಲಿ ಗೆಳೆಯನಿಗೆ ಕಳುಹಿಸಿದ ಖಾಸಗಿ ಕೀಲಿ ಖಾಸಗಿಯಾಗಿ ಉಳಿದಿರುವುದಿಲ್ಲ. ಸಹೋದ್ಯೋಗಿಗೆ ಪ್ರವೇಶ ಬೇಕಿದ್ದರೆ ಅವರ ಸಾರ್ವಜನಿಕ ಕೀಲಿಯನ್ನು ತರಿಸಿಕೊಂಡು ಸೇರಿಸುವುದು ಕ್ರಮ.

ಯಂತ್ರದ ಬೆಂಕಿಗೋಡೆಯಲ್ಲಿ (ಫೈರ್‌ವಾಲ್) ಎಸ್‌ಎಸ್‌ಎಚ್ ಬಳಸುವ 22ನೆಯ ಬಾಗಿಲನ್ನು (ಪೋರ್ಟ್) ಇಡೀ ಜಗತ್ತಿಗೆ ತೆರೆದಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅಪರಿಚಿತ ಸರ್ವರ್‌ಗಳು ಪಾಸ್‌ವರ್ಡ್ ಊಹಿಸತೊಡಗುತ್ತವೆ. ಕಾಲೇಜಿನ ಐಪಿ ವಿಳಾಸಕ್ಕೆ, ಅಂದರೆ ಅಂತರ್ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಗೆ, ಮಾತ್ರ ತೆರೆಯಿರಿ. ಮೊಬೈಲ್ ಇಂಟರ್ನೆಟ್‌ನಲ್ಲಿ ಕೆಲಸ ಮಾಡುವಾಗ ನಿಮ್ಮ ಐಪಿ ವಿಳಾಸ ಬದಲಾಗುತ್ತಲೇ ಇರುವುದರಿಂದ ನಿನ್ನೆ ತೆರೆದ ಬಾಗಿಲು ಇಂದು ತೆರೆಯದೆ ಹೋಗಬಹುದು. ಆಗ ಸಿಟ್ಟಿನಲ್ಲಿ ಎಲ್ಲರಿಗೂ ತೆರೆಯುವ ಬದಲು ಹೊಸ ವಿಳಾಸವನ್ನು ನಿಯಮಕ್ಕೆ ಸೇರಿಸಿ, ಹಳೆಯದನ್ನು ತೆಗೆದುಹಾಕಿ. ಬ್ರೌಸರ್‌ನಲ್ಲೇ ಆದೇಶ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಸಾಮಾನ್ಯವಾಗಿ ಬಳಸುವ 8888ನೆಯ ಬಾಗಿಲನ್ನಂತೂ ಹೊರಗೆ ತೆರೆಯಲೇಬೇಡಿ. ಆ ಬಾಗಿಲಿನಿಂದ ಒಳಬಂದವರು ನಿಮ್ಮ ಯಂತ್ರದಲ್ಲಿ ಯಾವ ಆದೇಶವನ್ನಾದರೂ ಓಡಿಸಬಲ್ಲರು, ಮತ್ತು ಅವರು ಸಾಮಾನ್ಯವಾಗಿ ಓಡಿಸುವುದು ನಿಮ್ಮ ಖರ್ಚಿನಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆಯನ್ನು. ಎಸ್‌ಎಸ್‌ಎಚ್ ಸುರಂಗದ ಮೂಲಕ ನೋಟ್‌ಬುಕ್ ಅನ್ನು ನಿಮ್ಮ ಬ್ರೌಸರ್‌ಗೆ ತಂದುಕೊಂಡರೆ ಕೆಲಸ ಅಷ್ಟೇ ಸಲೀಸಾಗಿ ನಡೆಯುತ್ತದೆ. ಇದೇ ಕಾರಣಕ್ಕೆ ಖಾತೆಯ ರಹಸ್ಯ ಕೀಲಿಗಳನ್ನು ಆದೇಶದ ಕಡತದೊಳಗೆ ಬರೆದು, ಆದೇಶಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಏರಿಸಬಾರದು; ಅವನ್ನು ಹುಡುಕಲೆಂದೇ ಹಗಲಿರುಳು ಓಡುವ ಕಾರ್ಯಕ್ರಮಗಳಿವೆ.

ರೋಗಿಗಳ ಮಾಹಿತಿಯನ್ನು ಬಳಸುವ ವೈದ್ಯಕೀಯ ಸಂಶೋಧಕರು ಯಂತ್ರ ಚಾಲೂ ಮಾಡುವ ಮೊದಲೇ ನೈತಿಕ ಸಮಿತಿಯ ಮುಂದೆ ಕ್ಲೌಡ್ ಬಳಕೆಯನ್ನು ಸ್ಪಷ್ಟವಾಗಿ ಬರೆದು ಒಪ್ಪಿಗೆ ಪಡೆಯಬೇಕು. ಹೆಸರು, ಫೋನ್, ಆಸ್ಪತ್ರೆಯ ಕ್ರಮಸಂಖ್ಯೆಗಳನ್ನು ಆಸ್ಪತ್ರೆಯ ಒಳಗೇ ತೆಗೆದು, ಉಳಿದುದನ್ನು ಮಾತ್ರ ದೇಶದೊಳಗಿನ ಕೇಂದ್ರಕ್ಕೆ ಏರಿಸಿ. 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಸಣ್ಣ ಹಳ್ಳಿಯೊಂದರ ಹೆಸರು, ವಯಸ್ಸು ಮತ್ತು ಅಪರೂಪದ ಕಾಯಿಲೆ ಒಟ್ಟಿಗೆ ಇದ್ದರೆ ಹೆಸರು ತೆಗೆದರೂ ವ್ಯಕ್ತಿ ಯಾರೆಂದು ಆ ಹಳ್ಳಿಯವರಿಗೆ ಗೊತ್ತಾಗುತ್ತದೆ ಎಂಬುದು ನೆನಪಿರಲಿ.

ಯಂತ್ರವನ್ನು ನಂಬದೆ ದುಡಿಸುವುದು

ಬಾಡಿಗೆ ಯಂತ್ರವನ್ನು ಯಾವ ದಿನವಾದರೂ ಅಳಿಸಬಹುದು ಎಂಬ ಭಾವನೆಯಲ್ಲೇ ಬಳಸಬೇಕು. ಅದಕ್ಕಾಗಿ ಮೂರು ವಸ್ತುಗಳನ್ನು ಮೂರು ಜಾಗದಲ್ಲಿಡಿ. ಕಾರ್ಯಾಚರಣ ವ್ಯವಸ್ಥೆ ಇರುವ ಡಿಸ್ಕ್‌ನಲ್ಲಿ ನಿಮ್ಮದೇನೂ ಇರಬಾರದು. ಕಚ್ಚಾ ಮಾಹಿತಿ ಆಬ್ಜೆಕ್ಟ್ ಸಂಗ್ರಹದಲ್ಲಿರಲಿ (ಯಂತ್ರದಿಂದ ಬೇರೆಯಾಗಿ ಕಡತ ಇಡುವ ಕ್ಲೌಡ್ ಉಗ್ರಾಣ), ಅಲ್ಲಿ ಜಿಬಿ ಲೆಕ್ಕದ ದರ ಸಾಮಾನ್ಯವಾಗಿ ಡಿಸ್ಕ್‌ಗಿಂತ ಕಡಿಮೆ. ಆದೇಶಗಳು ಮತ್ತು ತಂತ್ರಾಂಶದ ಪಟ್ಟಿ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಭಂಡಾರದಲ್ಲಿರಲಿ. ತಂತ್ರಾಂಶದ ಪಟ್ಟಿ ಎಂದರೆ ಕೊಂಡಾ ಪರಿಸರದ ಕಡತ ಅಥವಾ ಡಾಕರ್ ಪಾಕವಿಧಾನ: ಯಾವ ತಂತ್ರಾಂಶ, ಯಾವ ಆವೃತ್ತಿ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಪರೀಕ್ಷೆ ಇಷ್ಟೇ. ಎರಡನೆಯ ವಾರದಲ್ಲಿ, ಮುಖ್ಯ ಕೆಲಸ ಆರಂಭಿಸುವ ಮೊದಲು, ಯಂತ್ರವನ್ನು ಬೇಕೆಂದೇ ಅಳಿಸಿ ಹೊಸದನ್ನು ಕಟ್ಟಿ ನೋಡಿ. ಒಂದು ಗಂಟೆಯೊಳಗೆ ಹಿಂದಿನ ಸ್ಥಿತಿಗೆ ಬರಲಾಗದಿದ್ದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ. ಈ ಸಲಹೆಗೆ ಸಂಶೋಧನಾ ವಿದ್ಯಾರ್ಥಿಗಳು ಮುಖ ಗಂಟಿಕ್ಕುತ್ತಾರೆ. ಆದರೆ ಪರೀಕ್ಷಕರು ಎರಡು ವರ್ಷದ ನಂತರ ಕೋಷ್ಟಕವೊಂದನ್ನು ಮತ್ತೆ ಲೆಕ್ಕ ಹಾಕಿ ತೋರಿಸಿ ಎಂದಾಗ ಕೈಹಿಡಿಯುವುದು ಇದೇ ಪಟ್ಟಿ.

ಉದ್ದದ ಕೆಲಸವನ್ನು ಟಿಮಕ್ಸ್ ಎಂಬ ತಂತ್ರಾಂಶದೊಳಗೆ ಆರಂಭಿಸಿ. ಮನೆಯಲ್ಲಿ ವಿದ್ಯುತ್ ಹೋಗಿ ರೂಟರ್ ಆಫ್ ಆದರೂ ಅಲ್ಲಿ ಕೆಲಸ ಓಡುತ್ತಲೇ ಇರುತ್ತದೆ. ವಿದ್ಯುತ್ ಬಂದ ಮೇಲೆ ಲಾಗಿನ್ ಆಗಿ ಬಿಟ್ಟಲ್ಲಿಂದ ನೋಡಬಹುದು. ಕ್ಲೌಡ್‌ನಿಂದ ನಮ್ಮಂಥ ಊರಿನವರಿಗೆ ಆಗಿರುವ ದೊಡ್ಡ ಉಪಕಾರ ವೇಗಕ್ಕಿಂತಲೂ ಇದೇ ಎಂದು ನನ್ನ ಅಭಿಪ್ರಾಯ. ಜೊತೆಗೆ, ಕಾರ್ಯಕ್ರಮವು ಅರ್ಧ ಗಂಟೆಗೊಮ್ಮೆ ತನ್ನ ಸ್ಥಿತಿಯನ್ನು ಕಡತಕ್ಕೆ ಬರೆಯುವಂತೆ ಮಾಡಿ. ಹೀಗೆ ಮಾಡಿದವರಿಗೆ ಮಾತ್ರ ಸ್ಪಾಟ್ ಯಂತ್ರಗಳು ಉಪಯೋಗಕ್ಕೆ ಬರುತ್ತವೆ. ಇವು ಉಳಿಕೆ ಸಾಮರ್ಥ್ಯವನ್ನು ಬಹಳ ಕಡಿಮೆ ದರಕ್ಕೆ ಕೊಡುವ ಯಂತ್ರಗಳು; ಬೇರೆ ಗಿರಾಕಿಗೆ ಬೇಕಾದಾಗ ಹಿಂದಕ್ಕೆ ಕಿತ್ತುಕೊಳ್ಳುತ್ತಾರೆ. ಅಮೆಜಾನ್ ಎರಡು ನಿಮಿಷ ಮೊದಲು ತಿಳಿಸುತ್ತದೆ, ಗೂಗಲ್ ಮತ್ತು ಮೈಕ್ರೋಸಾಫ್ಟ್ ಕೊಡುವುದು 30 ಸೆಕೆಂಡ್.

ಹಣದ ಲೆಕ್ಕ

ಗಂಟೆಗೆ ₹15 ಬಾಡಿಗೆಯ ಯಂತ್ರವೊಂದನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದಿನಕ್ಕೆ ಆರು ಗಂಟೆಯಂತೆ ತಿಂಗಳಿಗೆ 22 ದಿನ ಬಳಸಿದರೆ 132 ಗಂಟೆ, ₹1,980. ಅದನ್ನೇ ನಿಲ್ಲಿಸದೆ ಬಿಟ್ಟರೆ 720 ಗಂಟೆ, ₹10,800, ಶೇ. 18ರ ಜಿಎಸ್‌ಟಿ ಸೇರಿದರೆ ₹12,744. ಎರಡೂ ಸಂದರ್ಭಗಳಲ್ಲಿ ನಡೆದ ಸಂಶೋಧನೆ ಒಂದೇ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ದೀಪಾವಳಿಯ ಹಿಂದಿನ ದಿನ ಮೂರು ಗಂಟೆಯ ಪ್ರಯೋಗಕ್ಕೆಂದು ಜಿಪಿಯು ಯಂತ್ರವೊಂದನ್ನು ಚಾಲೂ ಮಾಡಿ, ಫಲಿತಾಂಶ ಇಳಿಸಿಕೊಂಡು, ಬ್ರೌಸರ್ ಮುಚ್ಚಿ ಹೊಳಲ್ಕೆರೆ ಕಡೆಯ ನಮ್ಮ ಊರಿಗೆ ಹೊರಟುಹೋದೆ. ಬ್ರೌಸರ್ ಮುಚ್ಚಿದರೆ ಯಂತ್ರ ನಿಲ್ಲುತ್ತದೆ ಎಂದು ನನ್ನ ಮನಸ್ಸಿನಲ್ಲಿ ಎಲ್ಲಿಯೋ ಇತ್ತು. ಐದು ದಿನ ಬಿಟ್ಟು ಬಂದು ನೋಡಿದರೆ 120 ಗಂಟೆಗೂ ಹೆಚ್ಚಿನ ಬಾಡಿಗೆ ಏರಿತ್ತು, ಅದೂ ನನ್ನ ಸ್ವಂತ ಕಾರ್ಡಿನ ಮೇಲೆ. ಬೈಯಲು ಯಾರೂ ಇರಲಿಲ್ಲ. ಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು.

ನಿಲ್ಲಿಸುವುದರಲ್ಲಿಯೂ ಬಗೆಗಳಿವೆ, ಮತ್ತು ಪ್ರತಿಯೊಂದು ಸೇವೆಯಲ್ಲಿಯೂ ಅದರ ಅರ್ಥ ಬೇರೆ. ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ಲಿನಕ್ಸ್‌ನ ಒಳಗಿನಿಂದ ಯಂತ್ರವನ್ನು ಆಫ್ ಮಾಡಿದರೆ ಬಾಡಿಗೆ ನಿಲ್ಲುವುದಿಲ್ಲ. ಪೋರ್ಟಲ್‌ನಿಂದ, ಅಂದರೆ ಅಜೂರ್‌ನ ನಿರ್ವಹಣಾ ಪುಟದಿಂದ ನಿಲ್ಲಿಸಿ, ಅದರ ಸ್ಥಿತಿ 'ಡೀಅಲೊಕೇಟೆಡ್' ಎಂದು ತೋರಿಸುವವರೆಗೆ ನೋಡಬೇಕು. ಅಮೆಜಾನ್‌ನಲ್ಲಿ ನಿಲ್ಲಿಸಿದರೆ ಯಂತ್ರದ ಬಾಡಿಗೆ ನಿಲ್ಲುತ್ತದೆ, ಡಿಸ್ಕ್‌ನ ಬಾಡಿಗೆ ಮುಂದುವರಿಯುತ್ತದೆ. ಕಾಯ್ದಿರಿಸಿದ ಸಾರ್ವಜನಿಕ ಐಪಿ ವಿಳಾಸಕ್ಕೂ ಗಂಟೆಗೆ 0.005 ಡಾಲರ್, ಅಂದರೆ ತಿಂಗಳಿಗೆ ಸುಮಾರು ಮೂರೂವರೆ ಡಾಲರ್ ಬೀಳುತ್ತದೆ. ಅಮೆರಿಕದ ಸಂಶೋಧಕರಿಗೆಂದೇ ಇರುವ ಜೆಟ್‌ಸ್ಟ್ರೀಮ್2 ಎಂಬ ಕ್ಲೌಡ್‌ನಲ್ಲಿ ನಿಲ್ಲಿಸಿದ ಯಂತ್ರಕ್ಕೂ ಅರ್ಧ ದರ ಹಿಡಿಯುತ್ತಾರೆ, 'ಶೆಲ್ವ್' ಮಾಡಿದರೆ, ಅಂದರೆ ಅಟ್ಟಕ್ಕೆ ಎತ್ತಿಟ್ಟರೆ, ಮಾತ್ರ ಸೊನ್ನೆ. ವಿದೇಶಿ ಸಹ ಸಂಶೋಧಕರ ಯೋಜನೆಯ ಮೂಲಕ ಇಂಥ ಕಡೆ ಪ್ರವೇಶ ಸಿಕ್ಕವರು ಮೊದಲು ಆ ಸೇವೆಯ ದರದ ಪುಟವನ್ನು ಓದಿಕೊಳ್ಳಬೇಕು.

ಬಜೆಟ್ ಎಚ್ಚರಿಕೆಯನ್ನು ಖಾತೆ ತೆರೆದ ದಿನವೇ ಹಾಕಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಅದು ಮಿಂಚಂಚೆ ಕಳುಹಿಸುತ್ತದೆಯೇ ಹೊರತು ತಾನಾಗಿ ಯಂತ್ರ ನಿಲ್ಲಿಸುವುದಿಲ್ಲ. ಬಿಲ್ಲಿನ ಅಂಕಿಗಳೂ ಹಲವು ಗಂಟೆ ತಡವಾಗಿ ಬರುತ್ತವೆ. ಹೆಚ್ಚು ಭದ್ರವಾದ ಉಪಾಯವೆಂದರೆ ಯಂತ್ರ ಚಾಲೂ ಮಾಡಿದ ಕೂಡಲೇ, ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು, ಇಷ್ಟು ಗಂಟೆಯ ನಂತರ ತಾನಾಗಿ ನಿಲ್ಲು ಎಂಬ ಆದೇಶವನ್ನು ಕೊಟ್ಟುಬಿಡುವುದು. ಅಜೂರ್‌ನಲ್ಲಿ ಈ ಆದೇಶವನ್ನು ಮೇಲೆ ಹೇಳಿದ ಕಾರಣಕ್ಕೆ ಪೋರ್ಟಲ್‌ನಲ್ಲಿಯೇ ಹಾಕಬೇಕು. ಹೊರಕ್ಕೆ ಇಳಿಸಿಕೊಳ್ಳುವ ಮಾಹಿತಿಗೂ ಒಂದು ಮಿತಿಯ ನಂತರ ದರವಿದೆ. ಏರಿಸುವುದು ಉಚಿತ, ಇಳಿಸುವುದಕ್ಕೆ ಸುಂಕ. ಆದುದರಿಂದ ಮಧ್ಯಂತರ ಕಡತಗಳನ್ನೆಲ್ಲ ಮನೆಗೆ ತರಬೇಡಿ.

ಕಾರ್ಡಿನ ವಿಷಯದಲ್ಲಿ ಎರಡು ತೊಡಕುಗಳನ್ನು ಮೊದಲೇ ತಿಳಿದಿರಬೇಕು. ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕ್ ಆ್ಯಪ್‌ನಲ್ಲಿ ಸಕ್ರಿಯಗೊಳಿಸದಿದ್ದರೆ ಖಾತೆಯೇ ತೆರೆಯದೆ ಹೋಗಬಹುದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪುನರಾವರ್ತಿತ ಸ್ವಯಂ ಪಾವತಿಗೆ ₹15,000 ಮೀರಿದರೆ ಸಾಮಾನ್ಯವಾಗಿ ಪ್ರತಿಬಾರಿ ಹೆಚ್ಚುವರಿ ದೃಢೀಕರಣ ಬೇಕು. ಅದು ತಪ್ಪಿ ಪಾವತಿ ವಿಫಲವಾದರೆ ಖಾತೆ ಅಮಾನತಾಗುವ ಸಂಭವವಿದೆ. ಅನುದಾನದಿಂದ ಖರ್ಚು ಮಾಡುವವರಿಗೆ ಇನ್ನೊಂದು ಗೋಡೆ ನಮ್ಮ ಲೆಕ್ಕಪತ್ರ ವಿಭಾಗ. ತಿಂಗಳಿಂದ ತಿಂಗಳಿಗೆ ಬದಲಾಗುವ ಬಿಲ್ ಅವರಿಗೆ ಒಗ್ಗುವುದಿಲ್ಲ. ಮೂರು ಕೊಟೇಷನ್ ಕೇಳುತ್ತಾರೆ, ಮತ್ತು ಅವರ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಮೂರು ಸೇವೆಗಳ ದರ ಲೆಕ್ಕ ಹಾಕುವ ಪುಟಗಳಿಂದ ಒಂದೇ ಗಾತ್ರದ ಯಂತ್ರಕ್ಕೆ ಅಂದಾಜು ತೆಗೆದು ಮುದ್ರಿಸಿ, ಗಂಟೆಗಳ ಮಿತಿಯನ್ನು ಬರೆದು, ಗರಿಷ್ಠ ಮೊತ್ತಕ್ಕೆ ಮೊದಲೇ ಮಂಜೂರಾತಿ ಪಡೆಯಿರಿ. ಬಿಲ್ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿ ಬರುವಂತೆ ಖಾತೆಯಲ್ಲಿ ತುಂಬಿಸಿ. ಸ್ವಂತ ಹೆಸರಿನ ಬಿಲ್ಲನ್ನು ಹಣ ಬಳಕೆ ಪ್ರಮಾಣಪತ್ರಕ್ಕೆ ಲಗತ್ತಿಸಲು ಹೊರಟಾಗ ಆಗುವ ಅಲೆದಾಟ ಹೇಳತೀರದು.

ವಿಭಾಗಕ್ಕೆ ಒಂದೇ ಯಂತ್ರ

ಐದಾರು ವಿದ್ಯಾರ್ಥಿಗಳಿರುವ ವಿಭಾಗವಾದರೆ ಒಬ್ಬೊಬ್ಬರಿಗೂ ಯಂತ್ರ ಬೇಡ. ಉಬುಂಟು ಇರುವ ಒಂದೇ ಸರ್ವರ್ ಮೇಲೆ 'ದಿ ಲಿಟ್ಲೆಸ್ಟ್ ಜುಪಿಟರ್‌ಹಬ್' ಎಂಬ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿದರೆ ನೂರು ಜನರವರೆಗೆ ಬ್ರೌಸರ್‌ನಿಂದಲೇ ಲಾಗಿನ್ ಆಗಿ ನೋಟ್‌ಬುಕ್ ಬಳಸಬಹುದು. ಸುಮ್ಮನೆ ಬಿಟ್ಟ ನೋಟ್‌ಬುಕ್‌ಗಳನ್ನು ಅದು ತಾನೇ ಮುಚ್ಚುತ್ತದೆ, ಒಬ್ಬೊಬ್ಬರಿಗೂ ಮೆಮೊರಿಯ ಮಿತಿ ಹಾಕಬಹುದು. ಈ ಮಿತಿ ಹಾಕದಿದ್ದರೆ ಒಬ್ಬರ ದೊಡ್ಡ ಕೋಷ್ಟಕ ಉಳಿದ ಐವರ ಕೆಲಸವನ್ನೂ ಕೆಡವುತ್ತದೆ. ಬ್ರೌಸರ್‌ಗೆ ತೆರೆದಿರುವ ಸರ್ವರ್ ಆದ್ದರಿಂದ ಎಚ್‌ಟಿಟಿಪಿಎಸ್ (ಬ್ರೌಸರ್ ಮತ್ತು ಸರ್ವರ್ ನಡುವಿನ ಸಂಪರ್ಕವನ್ನು ಗುಪ್ತವಾಗಿಡುವ ವಿಧಾನ) ಪ್ರಮಾಣಪತ್ರವಿಲ್ಲದೆ ಯಾರಿಗೂ ವಿಳಾಸ ಕೊಡಬೇಡಿ. ಇದೇ ತಂತ್ರಾಂಶ ಕಾಲೇಜಿನ ಮೂಲೆಯಲ್ಲಿರುವ ಹಳೆಯ ಸರ್ವರ್ ಮೇಲೂ ಓಡುತ್ತದೆ, ಯುಪಿಎಸ್ ಬ್ಯಾಟರಿ ಚೆನ್ನಾಗಿದ್ದರೆ.

ಮುಗಿಸುವ ದಿನ

ಪ್ರಬಂಧ ಸಲ್ಲಿಸಿದ ವಾರ ಯಾರಿಗೂ ಕ್ಲೌಡ್ ನೆನಪಿರುವುದಿಲ್ಲ. ಅದಕ್ಕಾಗಿ ಈ ಕೆಲಸಕ್ಕೆ ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಪ್ರಕಟಿಸಬಹುದಾದ ಮಾಹಿತಿ ಮತ್ತು ಆದೇಶಗಳನ್ನು, ಯೂರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ಜೆನೋಡೊ ಭಂಡಾರಕ್ಕೆ ಏರಿಸಿ. ಒಂದು ದಾಖಲೆಗೆ 50 ಜಿಬಿವರೆಗೆ ಶುಲ್ಕವಿಲ್ಲ. ಉಲ್ಲೇಖಿಸಲು ಶಾಶ್ವತ ಗುರುತಾದ ಡಿಒಐ ಸಂಖ್ಯೆಯೂ ಸಿಗುತ್ತದೆ. ಬೇಕಾದ ಉಳಿದುದನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ಇಳಿಸಿ, ಕಡತಗಳ ಚೆಕ್‌ಸಮ್ (ನಕಲು ಸರಿಯಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಹೊಂದಿಸಿ ನೋಡಿದ ಮೇಲೆ, ಯಂತ್ರ, ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಒಂದು ಕ್ಷಣದ ನಕಲು), ಆಬ್ಜೆಕ್ಟ್ ಸಂಗ್ರಹ, ಕಾಯ್ದಿರಿಸಿದ ಐಪಿ ವಿಳಾಸ ಇವನ್ನು ಒಂದೊಂದಾಗಿ ಅಳಿಸಿ. ಯಂತ್ರ ಅಳಿಸಿದರೆ ಅದಕ್ಕೆ ಜೋಡಿಸಿದ್ದ ಹೆಚ್ಚುವರಿ ಡಿಸ್ಕ್ ಮತ್ತು ಸ್ನ್ಯಾಪ್‌ಶಾಟ್‌ಗಳು ತಾವಾಗಿ ಅಳಿಯುತ್ತವೆ ಎಂದು ಎಣಿಸಬೇಡಿ. ನೀವು ಬಳಸದ ಕೇಂದ್ರಗಳ ಪುಟಗಳನ್ನೂ ಒಮ್ಮೆ ತೆರೆದು ನೋಡಿ. ಖಾತೆಯ ರಹಸ್ಯ ಕೀಲಿಗಳನ್ನು ರದ್ದು ಮಾಡಿ, ಆದರೆ ಖಾತೆಯನ್ನು ಅಂದೇ ಮುಚ್ಚಬೇಡಿ. ಮುಂದಿನ ತಿಂಗಳು ಪೂರ್ತಿ ಕಳೆದು ಬಿಲ್ಲಿನಲ್ಲಿ ಸೊನ್ನೆ ಕಂಡ ಮೇಲೆ, ಹಳೆಯ ಬಿಲ್ಲುಗಳನ್ನೆಲ್ಲ ಇಳಿಸಿಕೊಂಡು ಲೆಕ್ಕಪತ್ರ ವಿಭಾಗಕ್ಕೆ ಒಂದು ಪ್ರತಿ ಕೊಟ್ಟು, ಆಮೇಲೆ ಮುಚ್ಚಿ.